ಕ್ಲಬ್ ಸಾಲಿನ ಏಳನೆಯ ಮನೆಯ ಅಟ್ಟ

ಜೋನಾಸ್ ಗ್ರೀನ್‌ವುಡ್ ಕೈಮಗ್ಗದ ನೇಕಾರ. ಅವನೂ ಅವನ ಜೊತೆಯ ಹದಿಮೂರು ಮಂದಿ ನೇಕಾರರೂ ಸೇರಿ ಒಂದು ಕ್ಲಬ್ ಕಟ್ಟಿಕೊಂಡರು. ಹಗಲೆಲ್ಲ ಲಾಳಿ ಎಸೆದು, ಬೇಸಿಗೆಯ ಸಂಜೆಗಳಲ್ಲಿ ಬೆಳಕಿರುವಷ್ಟು ಹೊತ್ತೂ ಹೆಪ್‌ಶಾ ಗುಡ್ಡದಲ್ಲಿ ಕಲ್ಲು ಕಿತ್ತು, ತಮ್ಮ ಬೆನ್ನ ಮೇಲೇ ಹೊತ್ತು ತಂದು ಹದಿನಾಲ್ಕು ಮನೆ ಎಬ್ಬಿಸಿದರು. ಅದಕ್ಕೇ ಅದು ಇಂದಿಗೂ ಕ್ಲಬ್ ಸಾಲು. ಒಂದೊಂದು ಮನೆ ಎದ್ದಾಗಲೂ ಅದರಲ್ಲಿ ಯಾರು ಒಲೆ ಹಚ್ಚಬೇಕೆಂದು ಟೋಪಿಯೊಳಗೆ ಚೀಟಿ ಹಾಕಿ ಎತ್ತುತ್ತಿದ್ದರು. ಮೊದಲ ಕಲ್ಲು ಹೊತ್ತವನು ಜೋನಾಸ್. ಅವನ ಚೀಟಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಒಂಬತ್ತು ವರ್ಷ ಬೇರೆಯವರ ಗೋಡೆಗೆ ಕಲ್ಲು ಹೊತ್ತು, ಹತ್ತನೆಯ ವರ್ಷ, ಎರಡೂ ತುದಿಯಿಂದ ಕಟ್ಟುತ್ತ ಬಂದ ಸಾಲಿನ ನಡುವೆ ಕೊನೆಗೆ ಎದ್ದ ಏಳನೆಯ ನಂಬರಿನ ಮನೆಗೆ ಹೆಂಡತಿ ಮಕ್ಕಳನ್ನು ಕರೆತಂದ.

ಅವನ ಮಗ ಎಫ್ರೇಮ್ ಚಾವಣಿಗೆ ಕಲ್ಲುಬಿಲ್ಲೆ ಹೊದಿಸುವ ಕಸುಬಿನವನು. ಒಂದು ಜನವರಿಯ ಬಿರುಗಾಳಿಗೆ ಸಾಲಿನ ಚಾವಣಿಯೆಲ್ಲ ಸಡಿಲಿ ಜಾರಿದಾಗ, ಹದಿನಾಲ್ಕು ಮನೆಯ ಮೇಲೂ ಒಬ್ಬನೇ ಹತ್ತಿ ಹೊಸದಾಗಿ ಹೊದಿಸಿದವನು ಅವನು. ಆ ತುದಿಯಿಂದ ಈ ತುದಿಗೆ ದಾರ ಹಿಡಿದರೆ ಕೂದಲೆಳೆಯಷ್ಟೂ ಸೊಟ್ಟ ಕಾಣದು. ಎಫ್ರೇಮನ ಮಗ ವಿಲ್ಫ್ರೆಡ್ ಊರಿನ ವಾದ್ಯಮೇಳದಲ್ಲಿ ತುತ್ತೂರಿ ಊದುತ್ತಿದ್ದ. ಕಾರ್ಖಾನೆಯ ಧಣಿ ಗೇಟಿಗೆ ಬೀಗ ಹಾಕಿದ ವರ್ಷ ಹನ್ನೊಂದು ವಾರ, ದಿನಾ ಬೆಳಗ್ಗೆ ಆರು ಗಂಟೆಗೆ, ಗೇಟಿನ ಮುಂದೆ ನಿಂತು ಊದಿ ಧಣಿಯ ನಿದ್ದೆ ಕೆಡಿಸಿದ. ಹನ್ನೆರಡನೆಯ ವಾರ ಬೀಗ ತೆಗೆದರು.

ಆ ವಿಲ್ಫ್ರೆಡನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಇರ್ವಿನ್, ಚಿಕ್ಕವನು ಹೆಡ್ಲಿ. ಈ ಬರಹ ಇರ್ವಿನನ ಬಗ್ಗೆ. ಆದರೆ ಹೆಡ್ಲಿಯನ್ನು ಬಿಟ್ಟು ಇರ್ವಿನನನ್ನು ಹೇಳಲು ಬರುವುದಿಲ್ಲ.

ಇರ್ವಿನ್ ರತ್ನಗಂಬಳಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಮಗ್ಗದ ಮೇಸ್ತ್ರಿ. ಮಗ್ಗದ ಸದ್ದು ಒಂದು ಚೂರು ಬದಲಾದರೆ ಬಾಗಿಲಲ್ಲೇ ನಿಂತು ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಿದ್ದ. ಬೇರೆ ಮಾತು ಅವನಿಂದ ಹೊರಡಿಸುವುದು ಒಣಗಿದ ಕೆಚ್ಚಲಿಂದ ಹಾಲು ಕರೆದ ಹಾಗೆ. ನಮ್ಮ ಕಣಿವೆಯವರೆಲ್ಲ ಅಷ್ಟೇ ಅನ್ನಿ. ಕಾಲು ಮುರಿದು ಮಲಗಿದವನನ್ನು ಹೇಗಿದ್ದೀಯಾ ಎಂದು ಕೇಳಿದರೂ ಪರವಾಗಿಲ್ಲ ಎನ್ನುತ್ತಾನೆ. ಇರ್ವಿನ್ ಅದರಲ್ಲೂ ಒಂದು ಕೈ ಮೇಲು. ಮಗ್ಗಕ್ಕೆ ಸಿಕ್ಕಿ ಬೆರಳ ತುದಿ ಹೋದ ದಿನ ಅವನು ಬಟ್ಟೆ ಸುತ್ತಿಕೊಂಡು ಮನೆಗೆ ಬಂದು ಊಟಕ್ಕೆ ಕೂತ. ಹೆಂಡತಿ ಮೇವಿಸ್‌ಗೆ ಅವನು ಹೇಳಿದ್ದು ಇಷ್ಟೇ: “ಇವತ್ತು ಮಾಂಸ ನೀನೇ ಕೊಯ್ದುಕೊಡು.”

ಹೆಡ್ಲಿ ಬೇರೆ ಥರ. ವಯಸ್ಸು ಬೆಳೆಯಿತು, ಬುದ್ಧಿ ಏಳೆಂಟು ವರ್ಷಕ್ಕೇ ನಿಂತಿತು. ತಾಯಿ ಇರುವವರೆಗೂ ಅವಳ ಸೆರಗು ಹಿಡಿದ ಕೂಸಿನ ಹಾಗೆ ಅವಳ ಹಿಂದೆಯೇ ಇದ್ದ. ಭಾನುವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಚರ್ಚಿನ ಒಲೆ ಹಚ್ಚಿ ಬೆಚ್ಚಗೆ ಮಾಡಿಡುವುದು ಆ ತಾಯಿಯ ಸೇವೆ. ಅವಳು ತೀರಿಹೋದ ಚಳಿಗಾಲ, ಹೆಡ್ಲಿಗೆ ಮೂವತ್ತೈದು ತುಂಬಿದ್ದಾಗ, ಅಮ್ಮನ ಕೆಲಸ ಯಾರೂ ಮಾಡುತ್ತಿಲ್ಲವಲ್ಲ ಎಂದು ತಾನೇ ಹೋಗಿ ಒಲೆ ಹಚ್ಚಿದ. ಸೌದೆ ಸಿಗದೆ ಹಾಡಿನ ಪುಸ್ತಕ ತುಂಬಿದ. ಒಲೆಯ ಬಾಗಿಲು ಮುಚ್ಚಲಿಲ್ಲ. ಬೆಂಕಿ ಹೊರಬಿದ್ದು ಹಬ್ಬಿ ಚರ್ಚಿನ ಚಾವಣಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಸಾಲಿನ ಅಮ್ಮಂದಿರು ಅವನು ಎದುರಿಗೆ ಬಂದರೆ ಮಕ್ಕಳನ್ನು ಒಳಗೆ ಎಳೆದುಕೊಳ್ಳತೊಡಗಿದರು. ಅವನನ್ನು ಪಕ್ಕದ ಕಣಿವೆಯ ಆಶ್ರಯಮನೆಗೆ ಸೇರಿಸಿದರು. ಇಪ್ಪತ್ತಾರು ವರ್ಷ ಇರ್ವಿನ್ ಪ್ರತಿ ಬುಧವಾರ ಒಂದು ಹಂದಿಮಾಂಸದ ಕಡುಬು ಕಟ್ಟಿಸಿಕೊಂಡು ಬಸ್ಸು ಹತ್ತಿ ಹೋಗಿಬಂದ. ಎಲ್ಲಿಗೆ ಹೋಗಿದ್ದೆ ಎಂದರೆ ಗುಡ್ಡ ಸುತ್ತಾಡಲು ಎನ್ನುತ್ತಿದ್ದ. ಕೇಳುವವರಿಗೂ ಗೊತ್ತು. ಆಮೇಲೆ ಒಬ್ಬಿಬ್ಬರನ್ನು ಬಿಟ್ಟು ಸಾಲಿನ ಹಳಬರು ಸತ್ತರು, ಹೊಸಬರು ಬಂದರು, ಕೇಳುವವರೂ ಇಲ್ಲವಾದರು.

ಇರ್ವಿನನಿಗೆ ಅರವತ್ತೇಳು ನಡೆಯುತ್ತಿದ್ದ ವರ್ಷ, ಜನವರಿಯಲ್ಲಿ, ಆ ಆಶ್ರಯಮನೆಯನ್ನು ಸೆಪ್ಟೆಂಬರ್ ಕೊನೆಗೆ ಮುಚ್ಚುತ್ತೇವೆಂದು ಪತ್ರ ಬಂತು. ಹೆಡ್ಲಿಯನ್ನು ಕರಾವಳಿಯ ಇನ್ನೊಂದು ಮನೆಗೆ ಕಳಿಸುತ್ತಾರೆ. ಒಂದು ರೈಲು ಎರಡು ಬಸ್ಸು, ಹೋಗಲು ಮೂರೂವರೆ ತಾಸು, ಬರಲು ಅಷ್ಟೇ. ಇಲ್ಲವಾದರೆ ಮನೆಯವರು ಕರೆದುಕೊಳ್ಳಬಹುದು, ಆದರೆ ಅವನಿಗೆ ಅವನದೇ ಆದ ಒಂದು ಕೋಣೆ ಇರಲೇಬೇಕು. ಏಳನೆಯ ಮನೆಗೆ ಮಹಡಿಯ ಮೇಲೆ ಎರಡೇ ಕೋಣೆ. ಒಂದರಲ್ಲಿ ಗಂಡಹೆಂಡತಿ, ಇನ್ನೊಂದರಲ್ಲಿ ಮೇವಿಸಳ ತೊಂಬತ್ತೊಂದು ವರ್ಷದ ತಾಯಿ. ಉಳಿದದ್ದು ಅಟ್ಟ.

ಅಟ್ಟದಲ್ಲಿ ಬಗ್ಗಿ ನಡೆಯಬೇಕು. ನೆಟ್ಟಗೆ ನಿಲ್ಲುವ ಹಾಗೆ ಮಾಡಲು ಹಿಂಬದಿಯ ಚಾವಣಿಯನ್ನು ಸೀಳಿ ಒಂದು ಗೂಡುಕಿಟಕಿ ಎಬ್ಬಿಸಬೇಕು. ನಕ್ಷೆ ಬರೆಯುವ ಟೆರಿ ಬಂದು ಅಳೆದ. ಬೇರೆ ಬೀದಿಯಾಗಿದ್ದರೆ ಯಾರನ್ನೂ ಕೇಳದೆ ಕಟ್ಟಬಹುದಿತ್ತು, ಕ್ಲಬ್ ಸಾಲು ಸಂರಕ್ಷಿತ ಬೀದಿ, ಕೌನ್ಸಿಲಿನ ಅಪ್ಪಣೆ ಬೇಕು ಎಂದ. ಅರ್ಜಿ ತುಂಬಲು ಕೂತಾಗ ಕೋಣೆ ಯಾತಕ್ಕೆ ಎಂದು ಕೇಳಿದ.

ಇರ್ವಿನ್ ಕಿಟಕಿಯ ಕಡೆ ನೋಡಿಕೊಂಡು, ಆಟದ ರೈಲು ಇಡೋದಕ್ಕೆ ಅಂತ ಬರಿ ಎಂದ.

ಆ ಮನೆಯಲ್ಲಿ ಒಂದು ಆಟದ ಗಾಲಿಯೂ ಇರಲಿಲ್ಲ. ಟೆರಿ ಹೋದ ಮೇಲೆ ಮೇವಿಸ್ ಗಂಡನನ್ನು ಹಿಡಿದು ನಿಲ್ಲಿಸಿದಳು.

“ಹೆಡ್ಲಿ ಹೆಸರು ಬರೆಸಯ್ಯಾ. ಅದರಲ್ಲಿ ನಾಚಿಕೆ ಏನಿದೆ?”

“ಆ ಅರ್ಜೀನ ಕೌನ್ಸಿಲಿನವರು ಕಂಪ್ಯೂಟರಲ್ಲಿ ಹಾಕ್ತಾರೆ ಕಣೇ. ಸಾಲಿಗೆ ಸಾಲೇ ಓದುತ್ತೆ.”

“ಓದ್ಲಿ. ಓದಿದ್ರೆ ಏನಾಗುತ್ತೆ?”

“ಬೆಂಕಿ ಹಚ್ಚಿದವನು ವಾಪಸ್ ಬರ್ತಾನಂತೆ ಅಂತಾರೆ. ಅವನು ಬಾಗಿಲಿಗೆ ಬರೋ ಮುಂಚೆ ಅವನ ಸುದ್ದಿ ಬರೋದು ಬೇಡ.”

ಮನೆಯ ಗುಟ್ಟು ಮನೆಯಲ್ಲಿರಬೇಕೆಂದು ನಮ್ಮ ಹಿರಿಯರು ಹೇಳಿಕೊಟ್ಟದ್ದು. ಅದು ಒಳ್ಳೆಯ ಮಾತೇ. ಆದರೆ ಗುಟ್ಟು ಮುಚ್ಚಲು ಒಂದು ಸುಳ್ಳು ಹೊದಿಸಿದರೆ, ಆಮೇಲೆ ಜನ ಕಾಣುವುದು ಹೊದಿಕೆಯನ್ನೇ ಅಲ್ಲವೆ? ಗುಟ್ಟಿನ ಕಾಗದವನ್ನು ಬೇರೆ ಲಕೋಟೆಯಲ್ಲಿ ಹಾಕಿ, ಇದು ಯಾರಿಗೂ ತೋರಿಸತಕ್ಕದ್ದಲ್ಲ ಎಂದು ಬರೆದು ಕೊಟ್ಟಿದ್ದರೆ ಕೌನ್ಸಿಲಿನವರು ಅದನ್ನು ಕಂಪ್ಯೂಟರಿಗೆ ಏರಿಸದೆ ಇಟ್ಟುಕೊಳ್ಳುತ್ತಿದ್ದರು. ಇದು ಟೆರಿಗೆ ಗೊತ್ತಿತ್ತು. ಇರ್ವಿನ್ ಅವನಿಗೆ ಹೇಳಿದ್ದರಲ್ಲವೆ ಅವನು ಇವನಿಗೆ ಹೇಳುವುದು?

ಏಪ್ರಿಲಿನಲ್ಲಿ ದೀಪದ ಕಂಬಕ್ಕೆ ಕೌನ್ಸಿಲಿನ ಹಳದಿ ನೋಟೀಸು ಕಟ್ಟಿದರು. ಎಲ್ಲರೂ ಓದಿದರು, ಯಾರೂ ಓದುವಂತೆ ಕಾಣಿಸಿಕೊಳ್ಳಲಿಲ್ಲ. ನಾಯಿಯನ್ನು ಆ ಕಂಬದ ಹತ್ತಿರ ನಿಲ್ಲಿಸಿ ನಾಯಿಯ ಕಡೆ ನೋಡುತ್ತ ಓದಿದರು. ಎಂಟನೆಯ ಮನೆಯ ಗಾರ್ಸೈಡ್, ಇರ್ವಿನನ ಹಳೆಯ ಮಗ್ಗದ ಜೊತೆಗಾರ, ಪಬ್ಬಿನಲ್ಲಿ ಎಲ್ಲರ ಮುಂದೆ ಕೆಣಕಿದ.

“ಏನಯ್ಯಾ ಇರ್ವಿನ್, ಸ್ಟೇಷನ್ ಮಾಸ್ಟರ್ ಆದೆಯಂತೆ. ನಿನ್ನ ಅಟ್ಟದ ರೈಲು ಎಷ್ಟು ಹೊತ್ತಿಗೆ ಬಿಡುತ್ತೆ?”

“ನಿನ್ನ ಹೊಟ್ಟೆ ಹತ್ತೋವಷ್ಟು ದೊಡ್ಡ ರೈಲಲ್ಲ ಬಿಡು” ಎಂದು ಇರ್ವಿನ್ ಲೋಟ ಎತ್ತಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಒಂದು ಸಾರಿ ಸುಳ್ಳಿಗೆ ನಕ್ಕ ಮೇಲೆ ಅದನ್ನು ಬಿಡುವುದು ಕಷ್ಟ.

ಮೂರನೆಯ ಮನೆಯ ರೋಸಲಿಂಡ್ ಹ್ಯಾಲಮ್ ಸಾಲಿಗೆ ಬಂದು ಹನ್ನೆರಡು ವರ್ಷ. ದಕ್ಷಿಣದವಳು, ಓದಿದವಳು, ಕೆಟ್ಟವಳಲ್ಲ. ಸಾಲಿನ ಚರಿತ್ರೆಯ ಮೇಲೆ ಅವಳಿಗಿದ್ದಷ್ಟು ಪ್ರೀತಿ ಸಾಲಿನಲ್ಲಿ ಹುಟ್ಟಿದವರಿಗೂ ಇರಲಿಲ್ಲ. ಎಫ್ರೇಮ್ ಹೊದಿಸಿದ ಚಾವಣಿಯ ಚಿತ್ರ ತೆಗೆದು ಚೌಕಟ್ಟು ಹಾಕಿಸಿ ಗೋಡೆಗೆ ತಗಲಿಸಿದ್ದಳು. ಇರ್ವಿನ್ ಅವಳನ್ನು ತಾನೇ ಹೋಗಿ ಕರೆದು ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹಾಸಿ ತೋರಿಸಿದ. ಅವಳು ಚಹಾ ಕುಡಿದಳು, ಕೇಕಿನ ಎರಡನೆಯ ತುಂಡು ತೆಗೆದುಕೊಂಡಳು, ಟೆರಿ ಎಷ್ಟು ಚೊಕ್ಕವಾಗಿ ಬರೆದಿದ್ದಾನೆ ಎಂದು ಹೊಗಳಿದಳು, ತುಂಬಾ ಚೆನ್ನಾಗಿದೆ ಎಂದು ಎದ್ದು ಹೋದಳು. ಅವಳಿಗೆ ಒಪ್ಪಿಗೆಯಾಯಿತು ಎಂದು ಇರ್ವಿನ್ ತಿಳಿದ.

ಹತ್ತು ದಿನಕ್ಕೆ ಕೌನ್ಸಿಲಿಗೆ ನಾಲ್ಕು ಆಕ್ಷೇಪಣೆ ಹೋದವು. ಉದ್ದನೆಯದು ರೋಸಲಿಂಡಳದು. ಆಟದ ರೈಲಿನ ಶೋಕಿಗಾಗಿ ಒಬ್ಬ ಕಸುಬುದಾರ ಕಟ್ಟಿದ ಅಖಂಡ ಸಾಲನ್ನು ಒಡೆಯಲು ಬಿಡಬಾರದು ಎಂದು ಬರೆದಿದ್ದಳು. ಆ ಕಸುಬುದಾರ ಇರ್ವಿನನ ತಾತ ಎಂಬುದನ್ನು ಬರೆದಿರಲಿಲ್ಲ. ಮುಖದ ಮುಂದೆ ಬೇಡ ಎನ್ನುವುದು ಅವಳ ಕಡೆಯವರಲ್ಲಿ ಒರಟುತನ, ಕಾಗದದಲ್ಲಿ ಬೇಡ ಎನ್ನುವುದು ನಾಗರಿಕತೆ. ನಮ್ಮಲ್ಲೂ ಈಗ ಅದೇ ಬಂದಿದೆ. ನಾಲ್ಕರಲ್ಲಿ ಒಂದು ಕಾಗದ ಗಾರ್ಸೈಡನದು, ಚಾವಣಿ ಸೀಳಿದರೆ ತನ್ನ ಕಡೆ ನೀರು ಇಳಿಯುತ್ತದೆಂದು.

ಮೇ ತಿಂಗಳ ಕೊನೆಗೆ ಕೌನ್ಸಿಲ್ ಇಲ್ಲ ಎಂದಿತು. ಹಿಂಬದಿಯ ಚಾವಣಿ ಹದಿನಾಲ್ಕು ಮನೆಯ ಉದ್ದಕ್ಕೂ ಒಂದೇ ಗೆರೆ, ಗೂಡುಕಿಟಕಿ ಅದನ್ನು ಮುರಿಯುತ್ತದೆ. ಅದೇ ವರ್ಷ ಇರ್ವಿನ್ ದುಡಿದ ಕಾರ್ಖಾನೆಯ ನೆತ್ತಿಯನ್ನೇ ಬಗೆದು, ಉದ್ದಕ್ಕೂ ಗಾಜು ಕೂರಿಸಿ, ಅಟ್ಟದ ಮನೆಗಳೆಂದು ಮಾರುತ್ತಿದ್ದರು. ಅದು ನದಿಯ ಆಚೆ, ಸಂರಕ್ಷಿತವಲ್ಲ. ನದಿಯ ಈ ದಡದಲ್ಲಿ ಪಾಪವಾದದ್ದು ಆ ದಡದಲ್ಲಿ ವ್ಯಾಪಾರ.

ಮೇಲ್ಮನವಿಗೆ ಹನ್ನೆರಡು ವಾರ ಗಡುವು. ಟೆರಿ ಕಟ್ಟಲೆ ವಿವರಿಸಿದ: ಮನವಿಯ ಜೊತೆ ಏನೇನು ಕೊಡಬೇಕೋ ಎಲ್ಲ ಒಟ್ಟಿಗೇ ಕೊಡಬೇಕು, ಆಮೇಲೆ ಒಂದು ಅಕ್ಷರವನ್ನೂ ಸೇರಿಸಲು ಬಿಡುವುದಿಲ್ಲ. ಆಟದ ರೈಲು ನಂಬಿಕೊಂಡು ಮೇಲೆ ಹೋದರೆ ನಿಲ್ಲುವುದಿಲ್ಲ, ಬೇರೆ ಕಾರಣ ಇದ್ದರೆ ಈಗಲೇ ಹೇಳಿಬಿಡಿ ಎಂದ. ಮೇವಿಸ್ ಚಹಾದ ಪಾತ್ರೆ ಹಿಡಿದುಕೊಂಡು ಗಂಡನ ಮುಖ ನೋಡುತ್ತ ನಿಂತಳು. ಇರ್ವಿನ್ ಇಲ್ಲ ಎಂದ.

ಬದಲಿಗೆ ಅವನು ಚರಿತ್ರೆ ಹಿಡಿದ. ಶಾಲೆ ಬಿಟ್ಟು ಐವತ್ತೆರಡು ವರ್ಷ ಆದವನು ಆರು ವಾರ ಲೈಬ್ರರಿಯಲ್ಲಿ ಕೂತ. ನೇಕಾರರ ಕಾಲದಲ್ಲಿ ಮಗ್ಗಕ್ಕೆ ಬೆಳಕು ಬೇಕೆಂದು ಮೇಲ್ಗಡೆ ಕಿಟಕಿಗಳ ಸಾಲೇ ಇತ್ತು, ಆಮೇಲೆ ಮುಚ್ಚಿದರು, ಆದ್ದರಿಂದ ಮೇಲೊಂದು ಕಿಟಕಿ ಈ ಸಾಲಿಗೆ ಹೊಸದಲ್ಲ, ಹಳೆಯದು ಎಂಬುದು ಅವನ ವಾದ. ಒಂದು ಹಳೆಯ ಫೋಟೋ ಸಿಕ್ಕಿತು. ಎಂಟು ಪುಟ ಸ್ವಂತ ಕೈಯಲ್ಲಿ ಬರೆದ. ಒಂದು ಚಿತ್ತು ಕಾಟು ಇಲ್ಲ. ಕಳಿಸುವ ದಿನ ಮೇವಿಸ್‌ಗೆ ಓದಿ ಹೇಳಿದ. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ.

“ಇದರಲ್ಲಿ ಹೆಡ್ಲಿ ಎಲ್ಲಿ?”

“ಜೋನಾಸ್ ಇದ್ದಾನಲ್ಲ.”

“ಜೋನಾಸನಿಗೆ ಮಲಗೋಕೆ ಜಾಗ ಬೇಕಾಗಿಲ್ಲ ಕಣಯ್ಯಾ.”

ಇರ್ವಿನ್ ಲಕೋಟೆ ಅಂಟಿಸಿದ.

ಸೆಪ್ಟೆಂಬರ್ ಮೊದಲ ವಾರ ಮೇಲ್ಮನವಿಯ ಅಧಿಕಾರಿ ಮನೆ ನೋಡಲು ಬರುವುದಾಗಿ ಪತ್ರ ಬಂತು. ಹೆಡ್ಲಿಯ ಆಶ್ರಯಮನೆ ಮುಚ್ಚಲು ಮೂರು ವಾರ ಉಳಿದಿತ್ತು. ಹಿಂದಿನ ಬುಧವಾರ ಹೋದಾಗ ಅಲ್ಲಿ ಹಾಸಿಗೆಗಳನ್ನು ಬಿಚ್ಚಿ ಅಂಗಳಕ್ಕೆ ಹಾಕುತ್ತಿದ್ದರು, ಹೆಡ್ಲಿ ತನ್ನ ಮಂಚದ ಕಾಲು ಹಿಡಿದು ಕೂತಿದ್ದ. ಅದನ್ನು ಕಂಡು ಬಂದ ಇರ್ವಿನ್ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಅಟ್ಟ ಗುಡಿಸಿದ, ಏಣಿಯ ಮೆಟ್ಟಿಲು ಉಜ್ಜಿದ, ಭಾನುವಾರದ ಕೋಟು ಹಾಕಿದ. ಮೇವಿಸ್ ಕೇಕು ಮಾಡಿದಳು.

ಬಂದವರು ತೆಳ್ಳನೆಯ ವಯಸ್ಸಾದವರು, ಬೂಟಿಗೆ ಮಣ್ಣು ಹತ್ತಿತ್ತು, ಬಾಗಿಲಲ್ಲೇ ಅದನ್ನು ಚೆನ್ನಾಗಿ ಒರೆಸಿಕೊಂಡರು. ಚಹಾ ಬೇಡ ಎಂದರು. ಹಿಂದಿನ ಓಣಿಯಲ್ಲಿ ನಿಂತು ಚಾವಣಿಯನ್ನು ತುಂಬಾ ಹೊತ್ತು ನೋಡಿದರು, ಅಟ್ಟ ಹತ್ತಿ ಅಳೆದರು, ಪುಸ್ತಕದಲ್ಲಿ ಏನೋ ಬರೆದುಕೊಂಡರು. ಇಳಿದು ಬರುವಾಗ ಹಿಂದಿನ ಕೋಣೆಯಿಂದ ಮೇವಿಸಳ ತಾಯಿ ಕೂಗಿ ಕೇಳಿದಳು, ಬಂದವನು ಹೆಡ್ಲಿಯೇನು ಎಂದು.

ಇರ್ವಿನ್ ಏಣಿಯ ಬುಡದಲ್ಲಿ ದಾರಿಗೆ ಅಡ್ಡ ನಿಂತ. ಇಪ್ಪತ್ತಾರು ವರ್ಷದ ಮಾತು ಆಗ ಅವನ ಗಂಟಲಿಗೆ ಬಂದಿತ್ತು.

“ಸ್ವಾಮಿ, ನಿಮಗೆ ಒಂದು ಮಾತು ಹೇಳ್ಬೇಕಿತ್ತು. ಈ ಕೋಣೆ ಯಾರಿಗೆ ಅಂತ. ನನ್ನ ತಮ್ಮ...”

“ದಯವಿಟ್ಟು ಹೇಳ್ಬೇಡಿ, ಮಿಸ್ಟರ್ ಗ್ರೀನ್‌ವುಡ್.” ಅಧಿಕಾರಿ ಕೈ ಎತ್ತಿದರು. “ನಾನು ನೋಡೋಕೆ ಬಂದವನು, ಕೇಳೋಕೆ ಬಂದವನಲ್ಲ. ಇಲ್ಲಿ ನಿಮ್ಮ ಮಾತು ಕೇಳಿದ್ರೆ ಆ ಕಡೆಯವರಿಗೆ ಅನ್ಯಾಯ ಆಗುತ್ತೆ. ಏನಿದ್ರೂ ನಿಮ್ಮ ಕಾಗದದಲ್ಲಿ ಇರುತ್ತಲ್ಲ.”

“ಕಾಗದದಲ್ಲಿ ಇಲ್ಲ.”

“ಹಾಗಾದ್ರೆ ನನಗೆ ಗೊತ್ತಾಗೋ ಹಾಗಿಲ್ಲ” ಎಂದು ಅವರು ಮೆಲ್ಲಗೆ ಹೇಳಿ, ಪಕ್ಕಕ್ಕೆ ಸರಿದು, ಇಳಿದು ಹೋದರು. ಮಾತು ಒರಟಾಗಿರಲಿಲ್ಲ. ಒರಟಾಗಿದ್ದರೆ ಇರ್ವಿನನಿಗೆ ಬೈಯಲಾದರೂ ಒಂದು ಆಸರೆ ಸಿಗುತ್ತಿತ್ತು.

ಹದಿಮೂರು ದಿನಕ್ಕೆ ತೀರ್ಪು ಬಂತು. ಅಧಿಕಾರಿ ಎಂಟು ಪುಟವನ್ನೂ ಓದಿದ್ದರು, ಮನವಿದಾರರ ಶ್ರಮಕ್ಕೆ ಮೆಚ್ಚುಗೆ ಬರೆದಿದ್ದರು. ಆದರೆ ಫೋಟೋದಲ್ಲಿ ಕಾಣುವ ನೇಕಾರರ ಕಿಟಕಿಗಳು ಸೂರಿನ ಕೆಳಗೆ, ಗೋಡೆಯಲ್ಲಿವೆ. ಚಾವಣಿಯಲ್ಲಿ ಎಂದೂ ಕಿಟಕಿ ಇರಲಿಲ್ಲ. ಆಟದ ರೈಲು ಇಡುವ ಆಸೆ ಸಹಜವಾದದ್ದೇ, ಆದರೆ ಈ ಬೀದಿಗೆ ಆಗುವ ಹಾನಿಯನ್ನು ಮೀರಿಸುವಂಥ ಯಾವ ಅಗತ್ಯವನ್ನೂ ತನ್ನ ಮುಂದೆ ಇಟ್ಟಿಲ್ಲ. ಮೇಲ್ಮನವಿ ವಜಾ. ಇರ್ವಿನ್ ಆ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಅವರು ಬರೆದದ್ದು ಸರಿಯಾಗಿದೆ ಎಂದ.

ಇಪ್ಪತ್ತೆಂಟನೆಯ ತಾರೀಕು ಹೆಡ್ಲಿಯನ್ನು ಕರಾವಳಿಗೆ ಬಿಟ್ಟುಬಂದ. ದಾರಿಯುದ್ದಕ್ಕೂ ಹೆಡ್ಲಿ ಸಮುದ್ರ ನೋಡುವ ಖುಷಿಯಲ್ಲಿದ್ದ. ಸಂಜೆ ಅಣ್ಣ ಒಬ್ಬನೇ ಕೋಟು ಹಾಕಿಕೊಂಡಾಗ ತನ್ನ ಕೋಟನ್ನೂ ತಂದ. ಇರ್ವಿನ್ ಇದಿಷ್ಟನ್ನೂ ಮೇವಿಸ್‌ಗೆ ಹೇಳಿದ್ದು ಒಂದು ತಿಂಗಳು ಕಳೆದ ಮೇಲೆ. ಅಲ್ಲಿನವರು ಫೋನಿನಲ್ಲಿ ಹೇಳುವುದು ಒಂದೇ: ಊಟ ಮಾಡುತ್ತಾನೆ, ಗಲಾಟೆ ಇಲ್ಲ, ಬುಧವಾರ ಮಾತ್ರ ಬೆಳಗಿಂದ ಬಾಗಿಲ ಹತ್ತಿರ ಕೂತಿರುತ್ತಾನೆ. ಅಷ್ಟು ದೂರಕ್ಕೆ ಇರ್ವಿನನ ಮಂಡಿ ತಿಂಗಳಿಗೆ ಒಂದು ಸಲವೇ ಒಪ್ಪುವುದು.

ನವೆಂಬರಿನಲ್ಲಿ ಮೇವಿಸ್ ಮಾಂಸದಂಗಡಿಯ ಸರದಿಯಲ್ಲಿ ನಿಂತಿದ್ದಳು. ನಿಮ್ಮ ಯಜಮಾನರಿಗೆ ರೈಲಿನ ಬೇಸರ ಹೋಯಿತೇ ಎಂದು ರೋಸಲಿಂಡ್ ನಯವಾಗಿಯೇ ಕೇಳಿದಳು. ಮೇವಿಸ್ ಅಂಗಡಿಯಲ್ಲಿ ಎಲ್ಲರ ಮುಂದೆ, ಇದ್ದದ್ದು ಇದ್ದ ಹಾಗೆ, ಚರ್ಚಿನ ಒಲೆಯಿಂದ ಹಿಡಿದು ಮಂಚದ ಕಾಲಿನವರೆಗೆ ಹೇಳಿದಳು. ಅತ್ತಳೋ ಇಲ್ಲವೋ, ಕಂಡವರು ಬೇರೆ ಬೇರೆ ಥರ ಹೇಳುತ್ತಾರೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸಾಲಿಗೆ ಸಾಲೇ ಕರಗಿತು. ವಾರದೊಳಗೆ ರೋಸಲಿಂಡ್ ಏಳನೆಯ ಮನೆಯ ಕದ ತಟ್ಟಿದಳು, ಹಿಂದೆ ಗಾರ್ಸೈಡ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳ ಬಳಿ ಹದಿಮೂರು ಮನೆಯ ಸಹಿ ಇದ್ದ ಕಾಗದ. ಹೊಸ ಅರ್ಜಿ ಹಾಕೋಣ, ವರ್ಷದೊಳಗೆ ಹಾಕಿದರೆ ಶುಲ್ಕವಿಲ್ಲ, ತನ್ನ ಭಾವ ಇಂಥ ಕೇಸುಗಳ ವಕೀಲ, ಕಾಸು ಕೇಳುವುದಿಲ್ಲ ಎಂದಳು. ಅವಳ ಕಣ್ಣು ಕೆಂಪಾಗಿತ್ತು, ಅದು ನಾಟಕವಲ್ಲ.

“ನಮಗೆ ಗೊತ್ತಿರ್ಲಿಲ್ಲ ಇರ್ವಿನ್. ಗೊತ್ತಿದ್ದಿದ್ರೆ ಒಬ್ರೂ ಬರೀತಿರ್ಲಿಲ್ಲ” ಎಂದಳು.

ಇರ್ವಿನ್ ಅವಳನ್ನು ಒಳಗೆ ಕರೆಯಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಆ ಕಾಗದವನ್ನು ಮೇಲಿಂದ ಕೆಳಗಿನವರೆಗೆ, ಒಂದೊಂದು ಸಹಿಯನ್ನೂ ಓದಿದ. ಆಮೇಲೆ ಮಾತಾಡಿದ. ಅವನು ಅಷ್ಟು ಮಾತಾಡಿದ್ದನ್ನು ಗಾರ್ಸೈಡ್ ಅದೇ ಮೊದಲು ಕೇಳಿದ್ದಂತೆ.

“ಗೊತ್ತಿರ್ಲಿಲ್ಲ ಅಂದ್ರಿ. ಸರಿ. ನಾನು ಹೇಳ್ಲಿಲ್ಲ, ಅದು ನನ್ನ ತಪ್ಪು, ಅದನ್ನ ನಿಮ್ಮ ತಲೆಗೆ ಕಟ್ಟಲ್ಲ. ಆದ್ರೆ ನೀವು ಒಳಗೆ ಕೂತು ಚಹಾ ಕುಡಿದು ಚೆನ್ನಾಗಿದೆ ಅಂದ್ರಲ್ಲಮ್ಮಾ, ಆವತ್ತೇ ಬೇಡ ಅನ್ಬಹುದಿತ್ತು. ನಾನು ಜಗಳ ಆಡ್ತಿದ್ದೆ. ಜಗಳದಲ್ಲಿ ನನ್ನ ಬಾಯಿಂದ ಅವನ ಹೆಸರು ಬಂದೇ ಬರ್ತಿತ್ತು. ಆ ಒಂದು ಜಗಳನೂ ನೀವು ನನಗೆ ಕೊಡ್ಲಿಲ್ಲ. ಈಗ ಇದರಲ್ಲಿ ‘ಪಾಪದ ಹೆಡ್ಲಿಗಾಗಿ’ ಅಂತ ಬರೆದಿದ್ದೀರಿ. ಪಾಪದವನು ಅಂತ ಕರೆಸಿಕೊಂಡು ಬಂದವನು ನಾಳೆ ಒಂದು ಬೆಂಕಿಪೊಟ್ಟಣ ಮುಟ್ಟಿದ್ರೆ, ಇದೇ ಹದಿಮೂರು ಜನ ಇನ್ನೊಂದು ಕಾಗದಕ್ಕೆ ಸಹಿ ಹಾಕ್ತೀರಿ. ಗಾರ್ಸೈಡ್, ನೀನೇ ಮೊದಲು ಹಾಕ್ತೀಯಾ. ಒಂದು ಸಲ ಅವನನ್ನ ಬೇರು ಸಮೇತ ಕಿತ್ತು ನೆಟ್ಟು ಬಂದಿದ್ದೀನಿ. ನಿಮ್ಮ ಮನಸ್ಸು ಕರಗಿದೆ ಅಂತ ಮತ್ತೆ ಕೀಳಲ್ಲ. ನಿಮ್ಮ ಭಾವನ ವಕೀಲಿ ಬೇಡ, ಈ ಸಹಿ ಬೇಡ. ಅವನಿಗೆ ನಾನು ಮಾಡಿದ ಅನ್ಯಾಯ ನಂದು, ನಾನೇ ಇಟ್ಕೊಳ್ತೀನಿ. ನಿಮ್ಮ ಕೈಲಿ ತೊಳೆಸ್ಕೊಳಲ್ಲ. ತಗೊಳ್ಳಿ ಇದನ್ನ, ಹೊರಡಿ.”